ಆಬ್ಜೆಕ್ಟ್‌ಗಳ ಆಯುಷ್ಯ ಯಾರ ಹೊಣೆ: ಬ್ರೌಸರ್ ಎಂಜಿನ್‌ಗಳಲ್ಲಿ ಸ್ಮಾರ್ಟ್ ಪಾಯಿಂಟರ್‌ಗಳ ಶಿಸ್ತು

(ಸಿ++ ಬಲ್ಲ ಕೇಳುಗರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

2010ರ ಜನವರಿ 12ರಂದು ಗೂಗಲ್ ಸಂಸ್ಥೆಯು, ಹಿಂದಿನ ಡಿಸೆಂಬರ್‌ನಲ್ಲಿ ಚೀನಾದ ಕಡೆಯಿಂದ ತನ್ನ ಜಾಲಕ್ಕೆ ಕನ್ನ ಬಿದ್ದಿತ್ತೆಂದು ಬಹಿರಂಗಪಡಿಸಿತು. ಮುಂದೆ ‘ಆಪರೇಷನ್ ಅರೋರಾ’ ಎಂದು ಹೆಸರಾದ ಆ ದಾಳಿಗೆ ದಾರಿಯಾದದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರ್‌ನ ಒಂದು ದೋಷ. ಭದ್ರತಾ ದಾಖಲೆಗಳಲ್ಲಿ ಅದರ ಗುರುತು ಸಿವಿಇ-2010-0249. ದೋಷ ಸರಿಹೋಗುವವರೆಗೆ ಬೇರೆ ಬ್ರೌಸರ್ ಬಳಸುವುದು ಒಳಿತೆಂದು ಜರ್ಮನಿ ಮತ್ತು ಫ್ರಾನ್ಸ್‌ನ ಸರ್ಕಾರಿ ಭದ್ರತಾ ಸಂಸ್ಥೆಗಳು ಸಲಹೆ ನೀಡಿದವು. ಮೈಕ್ರೋಸಾಫ್ಟ್ ತನ್ನ ಮಾಸಿಕ ವೇಳಾಪಟ್ಟಿಗೆ ಕಾಯದೆ ಜನವರಿ 21ರಂದೇ ತಿದ್ದುಪಡಿಯನ್ನು ಹೊರತಂದಿತು.

ಇಷ್ಟು ದೊಡ್ಡ ಗದ್ದಲಕ್ಕೆ ಕಾರಣವಾದ ಜಾವಾಸ್ಕ್ರಿಪ್ಟ್‌ನ ತಿರುಳು ಮಾತ್ರ ಬಹಳ ಚಿಕ್ಕದು. ಪುಟದಲ್ಲಿ ಒಂದು ಸ್ಪ್ಯಾನ್ ಇದೆ, ಅದರೊಳಗೆ ಒಂದು ಚಿತ್ರವಿದೆ. ಚಿತ್ರ ಲೋಡ್ ಆದ ಕೂಡಲೇ ನಡೆಯುವ ಫಂಕ್ಷನ್, ತನಗೆ ಬಂದ ಈವೆಂಟ್ ಆಬ್ಜೆಕ್ಟ್‌ನ ಒಂದು ಪ್ರತಿಯನ್ನು ಮಾಡಿಟ್ಟುಕೊಂಡು, ಆಮೇಲೆ ಸ್ಪ್ಯಾನ್‌ನ ಒಳಗಿರುವುದನ್ನೆಲ್ಲ ಅಳಿಸಿಹಾಕುತ್ತದೆ. ಪುಟದ ಭಾಗಗಳನ್ನೆಲ್ಲ ಎಂಜಿನ್ ಜೋಡಿಸಿಟ್ಟುಕೊಳ್ಳುವ ಮರದಿಂದ (ಇದಕ್ಕೇ ಡಾಮ್ ಎನ್ನುತ್ತಾರೆ) ಚಿತ್ರದ ಎಲಿಮೆಂಟ್ ಕಳಚಿಕೊಂಡು ನಾಶವಾಗುತ್ತದೆ. ಕೆಲವು ಮಿಲಿಸೆಕೆಂಡುಗಳ ನಂತರ ಒಂದು ಟೈಮರ್ ಎದ್ದು, ಈವೆಂಟ್‌ನ ಆ ಪ್ರತಿಯನ್ನು ಅದು ಯಾವ ಎಲಿಮೆಂಟ್‌ನಿಂದ ಹುಟ್ಟಿತೆಂದು ವಿಚಾರಿಸುತ್ತದೆ. ಈವೆಂಟನ್ನು ಪ್ರತಿ ಮಾಡುವಾಗ ಎಂಜಿನ್ನಿನ ಸಿ++ ಕೋಡ್, ಒಳಗಿದ್ದ ಪಾಯಿಂಟರ್ ಅನ್ನು ಹಾಗೆಯೇ ನಕಲು ಮಾಡಿತ್ತು; ಆ ಪಾಯಿಂಟರ್ ತೋರಿಸುತ್ತಿದ್ದ ಆಬ್ಜೆಕ್ಟ್‌ನ ರೆಫರೆನ್ಸ್ ಎಣಿಕೆಯನ್ನು, ಅಂದರೆ ಅದನ್ನು ಎಷ್ಟು ಮಂದಿ ಹಿಡಿದಿದ್ದಾರೆಂಬ ಲೆಕ್ಕವನ್ನು, ಹೆಚ್ಚಿಸಿರಲಿಲ್ಲ. ಹೀಗಾಗಿ, ತನ್ನನ್ನು ಇನ್ನೊಬ್ಬರು ನೆಚ್ಚಿಕೊಂಡಿದ್ದಾರೆಂಬುದು ಆ ಆಬ್ಜೆಕ್ಟ್‌ಗೆ ತಿಳಿಯಲೇ ಇಲ್ಲ. ಅದು ಹೋದ ಮೇಲೂ ಅದರ ವಿಳಾಸ ಮಾತ್ರ ಈವೆಂಟ್‌ನ ಪ್ರತಿಯಲ್ಲಿ ಉಳಿಯಿತು.

ಖಾಲಿ ಮಾಡಿದ ಬಾಡಿಗೆ ಮನೆಯ ಹಳೆಯ ಬೀಗದ ಕೈ ನಮ್ಮಲ್ಲೇ ಉಳಿದುಬಿಟ್ಟರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ: ಬಾಗಿಲು ಈಗಲೂ ತೆರೆಯುತ್ತದೆ, ಆದರೆ ಒಳಗೆ ಯಾರಿದ್ದಾರೆಂಬುದು ನಮ್ಮ ಕೈಯಲ್ಲಿಲ್ಲ. ಬಿಡುಗಡೆಯಾದ ಮೆಮೊರಿಯನ್ನು ಅಲೊಕೇಟರ್ ಬೇರೆಯವರಿಗೆ ಕೊಡುತ್ತದೆ. ಆ ಜಾಗಕ್ಕೆ ತನಗೆ ಬೇಕಾದ ಬೈಟುಗಳು ಬರುವಂತೆ ಜಾವಾಸ್ಕ್ರಿಪ್ಟ್‌ನಿಂದಲೇ ಸ್ಟ್ರಿಂಗ್‌ಗಳನ್ನೋ ಅರೇಗಳನ್ನೋ ಸೃಷ್ಟಿಸಿ ತುಂಬುವುದು ದಾಳಿಕೋರನಿಗೆ ಕಷ್ಟವಲ್ಲ. ಸಿ++ ಆಬ್ಜೆಕ್ಟ್‌ನ ಮೊದಲ ಪದದಲ್ಲಿ ಸಾಮಾನ್ಯವಾಗಿ ವರ್ಚುವಲ್ ಫಂಕ್ಷನ್‌ಗಳ ಕೋಷ್ಟಕದ ವಿಳಾಸವಿರುತ್ತದೆ. ಆ ವಿಳಾಸವನ್ನು ದಾಳಿಕೋರ ಬರೆದಿದ್ದರೆ, ಎಂಜಿನ್ ಮುಂದಿನ ವರ್ಚುವಲ್ ಕರೆ ಮಾಡಿದ ಕ್ಷಣದಲ್ಲಿ ಪ್ರೋಗ್ರಾಂ ಅವನು ಹೇಳಿದ ಕಡೆಗೆ ಜಿಗಿಯುತ್ತದೆ. ಇದನ್ನೇ ಯೂಸ್-ಆಫ್ಟರ್-ಫ್ರೀ ಎನ್ನುತ್ತಾರೆ.

ಇದು ಹಳೆಯ ಕಾಲದ, ಹಳೆಯ ಬ್ರೌಸರ್‌ನ ಸಮಸ್ಯೆಯೆಂದು ತಳ್ಳಿಹಾಕುವ ಹಾಗಿಲ್ಲ. 2015ರಿಂದ ಕ್ರೋಮ್‌ನ ಸ್ಥಿರ ಆವೃತ್ತಿಯನ್ನು ಬಾಧಿಸಿದ 912 ಗಂಭೀರ ಭದ್ರತಾ ದೋಷಗಳನ್ನು ಪರಿಶೀಲಿಸಿ ಕ್ರೋಮಿಯಂ ಯೋಜನೆಯವರು 2020ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಅವುಗಳಲ್ಲಿ ಸುಮಾರು 70 ಶೇಕಡಾ ಮೆಮೊರಿಯ ಸುರಕ್ಷತೆಗೆ ಸಂಬಂಧಿಸಿದವು. ಆ ಎಪ್ಪತ್ತರಲ್ಲಿ ಅರ್ಧದಷ್ಟು ಯೂಸ್-ಆಫ್ಟರ್-ಫ್ರೀ. ಬರೆದವರು ಅನನುಭವಿಗಳಲ್ಲ, ಕೋಡ್ ಪರಿಶೀಲನೆಯೂ ನಡೆಯುತ್ತದೆ, ಅಡ್ಡಾದಿಡ್ಡಿ ಇನ್‌ಪುಟ್ ಕೊಟ್ಟು ದೋಷ ಹುಡುಕುವ ಫಜಿಂಗ್ ಯಂತ್ರಗಳು ಹಗಲಿರುಳು ಓಡುತ್ತಿರುತ್ತವೆ. ಆದರೂ ದೋಷಗಳು ಇಷ್ಟೊಂದು ಸಂಖ್ಯೆಯಲ್ಲಿ ಉಳಿದುಕೊಂಡಿವೆ ಎಂದರೆ, ಬರೆಯುವವರ ಎಚ್ಚರಿಕೆಯ ಪ್ರಮಾಣವನ್ನು ಹೆಚ್ಚಿಸುವುದರಿಂದ ಇದು ಬಗೆಹರಿಯುವುದಿಲ್ಲವೆಂದು ಒಪ್ಪಿಕೊಳ್ಳಬೇಕಾಗುತ್ತದೆ. ಒಂದು ಸಾಲು ಸುರಕ್ಷಿತವೇ ಅಲ್ಲವೇ ಎಂಬುದನ್ನು ಆ ಸಾಲನ್ನೂ ಅದರ ಆಸುಪಾಸನ್ನೂ ಮಾತ್ರ ನೋಡಿ ನಿರ್ಣಯಿಸುವಂತಿರಬೇಕು, ಮತ್ತು ಆ ನಿರ್ಣಯವನ್ನು ಯಂತ್ರವೇ ಮಾಡುವಂತಿರಬೇಕು. ಆಬ್ಜೆಕ್ಟ್‌ನ ಬಿಡುಗಡೆಯನ್ನು ತಾವೇ ನೋಡಿಕೊಳ್ಳುವ ಸ್ಮಾರ್ಟ್ ಪಾಯಿಂಟರ್‌ಗಳ ನಿಜವಾದ ಉಪಯೋಗ ಇದಕ್ಕೆ ಅನುವು ಮಾಡಿಕೊಡುವುದರಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಡಿಲೀಟ್ ಬರೆಯುವ ಶ್ರಮ ಉಳಿಯುತ್ತದೆಂಬ ಮಾತು ಅದರ ಮುಂದೆ ಸಣ್ಣದು.

ಬ್ರೌಸರ್ ಎಂಜಿನ್ ಎಂಬುದು ಬೇರೆ ದೊಡ್ಡ ಸಿ++ ಯೋಜನೆಗಳಿಗಿಂತ ಏಕೆ ಹೆಚ್ಚು ಅಪಾಯದಲ್ಲಿದೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಮೊದಲನೆಯದಾಗಿ, ಎಂಜಿನ್ ಕೈಗೆತ್ತಿಕೊಳ್ಳುವ ಪ್ರತಿಯೊಂದು ಪುಟವೂ ಅಪರಿಚಿತರು ಬರೆದ ಪ್ರೋಗ್ರಾಂ. ಎರಡನೆಯದಾಗಿ, ಆ ಪ್ರೋಗ್ರಾಂ ಎಂಜಿನ್ನಿನ ದತ್ತಾಂಶಗಳನ್ನು ಹೊರಗೆ ನಿಂತು ನೋಡುವುದಷ್ಟೇ ಅಲ್ಲ, ಡಾಮ್ ಮರಕ್ಕೇ ಕೈಹಾಕಿ ಕೊಂಬೆಗಳನ್ನು ಕಡಿಯಬಲ್ಲದು, ಕಸಿ ಮಾಡಬಲ್ಲದು. ಮೂರನೆಯದು, ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ಈ ಕೈಹಾಕುವಿಕೆ ಯಾವ ಹೊತ್ತಿನಲ್ಲಿ ನಡೆಯುತ್ತದೆಂಬುದು ಸಿ++ ಕೋಡ್ ಓದುವವರಿಗೆ ಕಾಣುವುದಿಲ್ಲ. ಒಂದು ಎಲಿಮೆಂಟ್‌ಗೆ ಫೋಕಸ್ ಕೊಡುವ ಫಂಕ್ಷನ್ ಇದೆಯೆನ್ನಿ. ಅದು ಮೊದಲು ಹಳೆಯ ಎಲಿಮೆಂಟ್‌ನಿಂದ ಫೋಕಸ್ ತೆಗೆಯಬೇಕು. ತೆಗೆದಾಗ ಬ್ಲರ್ ಈವೆಂಟ್ ಹೊರಡಿಸಬೇಕು. ಆ ಈವೆಂಟನ್ನು ಕೇಳುತ್ತಿರುವ ಜಾವಾಸ್ಕ್ರಿಪ್ಟ್ ಫಂಕ್ಷನ್ ಅಲ್ಲೇ, ಆಗಲೇ ನಡೆಯುತ್ತದೆ. ಅದು ಹೊಸ ಎಲಿಮೆಂಟನ್ನು ಮರದಿಂದ ಕಿತ್ತುಹಾಕಬಹುದು, ಇಡೀ ಐಫ್ರೇಮನ್ನೇ ತೆಗೆದುಹಾಕಬಹುದು. ಫಂಕ್ಷನ್ ಮರಳಿ ಬಂದು ತನ್ನ ಮುಂದಿನ ಸಾಲಿಗೆ ಹೋದಾಗ, ತಾನು ಯಾವ ಆಬ್ಜೆಕ್ಟ್‌ನ ಮೆಂಬರ್ ಫಂಕ್ಷನ್ನೋ ಆ ಆಬ್ಜೆಕ್ಟೇ ಬದುಕಿರುವುದಿಲ್ಲ.

ಡಾಮ್‌ನ ಎರಡನೆಯ ಹಂತದ ನಿರ್ದಿಷ್ಟತೆಯಲ್ಲಿ, 2000ದಲ್ಲಿ, ಬಂದ ಮ್ಯುಟೇಷನ್ ಈವೆಂಟ್‌ಗಳು ಈ ಅಪಾಯವನ್ನು ತುತ್ತತುದಿಗೆ ಒಯ್ದಿದ್ದವು. ಮರದಲ್ಲಿ ಒಂದು ನೋಡ್ ಕಳಚಿದರೂ ಸೇರಿದರೂ ಆ ಕ್ಷಣದಲ್ಲೇ, ಆ ಕೆಲಸದ ನಡುವೆಯೇ, ಸ್ಕ್ರಿಪ್ಟ್ ನಡೆಯುವ ಅವಕಾಶವನ್ನು ಅವು ಕೊಟ್ಟಿದ್ದವು. ಮರವನ್ನು ತಿದ್ದುವ ಪ್ರತಿಯೊಂದು ಸಿ++ ಫಂಕ್ಷನ್ನಿನ ಹೊಟ್ಟೆಯಲ್ಲೂ ಅಪರಿಚಿತರ ಕೋಡ್ ಕುಳಿತಿರುತ್ತಿತ್ತು. ಅವುಗಳ ಜಾಗಕ್ಕೆ ಬಂದ ಮ್ಯುಟೇಷನ್ ಅಬ್ಸರ್ವರ್, ಬದಲಾವಣೆಗಳನ್ನು ದಾಖಲಿಸಿಟ್ಟು, ನಡೆಯುತ್ತಿರುವ ಕೆಲಸ ಮುಗಿದ ನಂತರ ಸ್ಕ್ರಿಪ್ಟ್‌ಗೆ ತಿಳಿಸುತ್ತದೆ. ಹಳೆಯ ಈವೆಂಟ್‌ಗಳನ್ನು ಕ್ರೋಮ್ ತನ್ನ 127ನೆಯ ಆವೃತ್ತಿಯಲ್ಲಿ, ಅಂದರೆ 2024ರ ಜುಲೈನಲ್ಲಿ, ನಿಲ್ಲಿಸಿತು. ಒಂದು ತಪ್ಪು ವಿನ್ಯಾಸವನ್ನು ವೆಬ್‌ನಿಂದ ಹಿಂದಕ್ಕೆ ಪಡೆಯಲು ಎರಡು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು ಎಂಬುದನ್ನು ಗಮನಿಸಬೇಕು.

ಈಗ ಸ್ಮಾರ್ಟ್ ಪಾಯಿಂಟರ್‌ಗಳತ್ತ ಬರೋಣ. ಮೂಲ ತತ್ತ್ವ ನಿಮಗೆಲ್ಲ ತಿಳಿದಿರುವುದೇ: ಪಾಯಿಂಟರ್ ಅನ್ನು ಒಂದು ಪುಟ್ಟ ಆಬ್ಜೆಕ್ಟ್‌ನೊಳಗೆ ಇಡುವುದು, ಅದರ ಡಿಸ್ಟ್ರಕ್ಟರ್‌ಗೆ ಬಿಡುಗಡೆಯ ಹೊಣೆಯನ್ನು ಒಪ್ಪಿಸುವುದು. ಸಿ++98ರ ಆಟೋ ಪಾಯಿಂಟರ್ ಇದನ್ನು ಅರೆಬರೆಯಾಗಿ ಮಾಡಿತು. ಪ್ರತಿ ಮಾಡಿದಂತೆ ಕಾಣುವ ಸಾಲಿನಲ್ಲಿ ಅದು ಒಡೆತನವನ್ನು ಸದ್ದಿಲ್ಲದೆ ಸಾಗಿಸಿಬಿಡುತ್ತಿತ್ತು. ಸಿ++11ರಲ್ಲಿ ಅದನ್ನು ಬಳಕೆಗೆ ತಕ್ಕುದಲ್ಲವೆಂದು ಘೋಷಿಸಿ, ಸಿ++17ರಲ್ಲಿ ತೆಗೆದೇ ಹಾಕಿದರು. ಒಬ್ಬನೇ ಒಡೆಯನಿರುವ ಕಡೆ ಈಗ ಯುನೀಕ್ ಪಾಯಿಂಟರ್ ಇದೆ, ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಡಾಮ್‌ನ ನೋಡ್‌ಗಳಿಗಾದರೋ ಒಬ್ಬನೇ ಒಡೆಯನಿಲ್ಲ. ಮರವೂ ಒಡೆಯ, ಜಾವಾಸ್ಕ್ರಿಪ್ಟ್‌ನ ವೇರಿಯಬಲ್ಲೂ ಒಡೆಯ, ನಡೆಯುತ್ತಿರುವ ಫಂಕ್ಷನ್ನೂ ಒಡೆಯ. ಆದ್ದರಿಂದ ಎಣಿಕೆ ಬೇಕು.

ವೆಬ್‌ಕಿಟ್‌ನ ಇತಿಹಾಸ ಇಲ್ಲಿ ಉಪಯುಕ್ತ. ಕೆಡಿಇ ಯೋಜನೆಯ ಕೆಎಚ್‌ಟಿಎಂಎಲ್ ಎಂಬ ಎಂಜಿನ್ನಿನಿಂದ ಕವಲೊಡೆದು, 2003ರಲ್ಲಿ ಆಪಲ್‌ನ ಸಫಾರಿ ಬ್ರೌಸರ್‌ನೊಂದಿಗೆ ಹೊರಬಂದ ಆ ಎಂಜಿನ್ನಿನಲ್ಲಿ ಎಣಿಕೆಯನ್ನು ಏರಿಸುವ, ಇಳಿಸುವ ಕರೆಗಳನ್ನು ಪ್ರೋಗ್ರಾಮರ್‌ಗಳು ಕೈಯಿಂದಲೇ ಬರೆಯುತ್ತಿದ್ದರು. ಎಚ್‌ಟಿಎಂಎಲ್ ಸಂಪಾದನೆಯ ಕೋಡ್‌ನಲ್ಲಿ ಮೆಮೊರಿ ಸೋರಿಕೆಗಳು ವಿಪರೀತವಾಗಿರುವುದೂ, ಅದಕ್ಕೆ ಈ ಕೈಬರಹದ ಕರೆಗಳ ಹೊಂದಾಣಿಕೆ ತಪ್ಪುತ್ತಿರುವುದೇ ಕಾರಣವೆಂಬುದೂ 2005ರಲ್ಲಿ ಗಮನಕ್ಕೆ ಬಂತು. ಸ್ಮಾರ್ಟ್ ಪಾಯಿಂಟರ್ ಹಾಕಿ ನೋಡಿದಾಗ, ಫಂಕ್ಷನ್ನಿನಿಂದ ಫಂಕ್ಷನ್ನಿಗೆ ಸಾಗುವಾಗೆಲ್ಲ ಎಣಿಕೆ ಸುಮ್ಮನೆ ಏರಿ ಇಳಿದು ವೇಗ ಕುಂದಿತು. ಅದಕ್ಕಾಗಿ, ರೆಫ್‌ಪಾಯಿಂಟರ್ ಎಂಬ ಮುಖ್ಯ ಬಗೆಯ (ಟೈಪ್‌ನ) ಜೊತೆಗೆ, ಎಣಿಕೆಯನ್ನು ಮುಟ್ಟದೆ ಒಡೆತನವನ್ನು ದಾಟಿಸಲೆಂದೇ ಪಾಸ್‌ರೆಫ್‌ಪಾಯಿಂಟರ್ ಎಂಬ ಇನ್ನೊಂದು ಬಗೆಯನ್ನು ಹೊಸೆದರು. ಸಿ++11ರಲ್ಲಿ ಮೂವ್ ಸೌಲಭ್ಯ ಭಾಷೆಗೇ ಬಂದ ಮೇಲೆ ಅದರ ಅಗತ್ಯ ಉಳಿಯಲಿಲ್ಲ. ಇಂದು ರೆಫ್ ಮತ್ತು ರೆಫ್‌ಪಾಯಿಂಟರ್ ಎಂಬ ಎರಡು ಉಳಿದಿವೆ: ಮೊದಲನೆಯದು ಎಂದೂ ನಲ್ ಆಗಿರುವುದಿಲ್ಲ, ಎರಡನೆಯದು ನಲ್ ಆಗಿರಬಹುದು. ಈ ವ್ಯತ್ಯಾಸ ಬಗೆಯಲ್ಲೇ ಬರೆದಿರುವುದರಿಂದ ಓದುವವರು ಊಹಿಸಬೇಕಾಗಿಲ್ಲ.

ಪ್ರಮಾಣಿತ ಗ್ರಂಥಾಲಯದ ಶೇರ್ಡ್ ಪಾಯಿಂಟರ್ ಇರುವಾಗ ಎಂಜಿನ್‌ಗಳು ತಮ್ಮದೇ ಎಣಿಕೆಯನ್ನು ಏಕೆ ಇಟ್ಟುಕೊಂಡಿವೆ? ಶೇರ್ಡ್ ಪಾಯಿಂಟರ್ ತನ್ನ ಎಣಿಕೆಯನ್ನು ಆಬ್ಜೆಕ್ಟ್‌ನ ಹೊರಗೆ, ನಿಯಂತ್ರಣಕ್ಕಾಗಿ ಇರುವ ಪ್ರತ್ಯೇಕ ತುಣುಕಿನಲ್ಲಿ ಇಡುತ್ತದೆ. ಆದ್ದರಿಂದ ಅದರ ಗಾತ್ರ ಸಾಮಾನ್ಯವಾಗಿ ಎರಡು ಪಾಯಿಂಟರ್‌ಗಳಷ್ಟು, ಮತ್ತು ಬಹು ಥ್ರೆಡ್‌ಗಳಿರುವ ಪ್ರೋಗ್ರಾಂನಲ್ಲಿ ಅದರ ಎಣಿಕೆ ಅಟಾಮಿಕ್ ಆಗಿರಬೇಕಾಗುತ್ತದೆ. ಒಂದೇ ಥ್ರೆಡ್‌ನಲ್ಲಿ ಬಾಳುವ ಲಕ್ಷಾಂತರ ನೋಡ್‌ಗಳಿಗೆ ಇದು ದುಬಾರಿ. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಎಂಜಿನ್ನಿನ ಕೋಡ್‌ನಲ್ಲಿ, ಕೈಯಲ್ಲಿರುವ ಬರಿಯ ಪಾಯಿಂಟರ್‌ನಿಂದ, ವಿಶೇಷವಾಗಿ ದಿಸ್ ಪಾಯಿಂಟರ್‌ನಿಂದ, ಹೊಸ ಹಿಡಿತವೊಂದನ್ನು ಪಡೆಯಬೇಕಾದ ಸಂದರ್ಭ ಹೆಜ್ಜೆಹೆಜ್ಜೆಗೂ ಬರುತ್ತದೆ. ಎಣಿಕೆ ಆಬ್ಜೆಕ್ಟ್‌ನ ಒಳಗೇ ಇದ್ದರೆ ಇದು ನಿರಪಾಯ. ಶೇರ್ಡ್ ಪಾಯಿಂಟರ್‌ನಲ್ಲಿ ಅದನ್ನೇ ಅಜಾಗರೂಕತೆಯಿಂದ ಮಾಡಿದರೆ ಎರಡನೆಯ ನಿಯಂತ್ರಣ ತುಣುಕು ಹುಟ್ಟಿ, ಒಂದೇ ಆಬ್ಜೆಕ್ಟ್ ಎರಡು ಬಾರಿ ನಾಶವಾಗುತ್ತದೆ.

ಇಷ್ಟಾದ ಮೇಲೂ ಯೂಸ್-ಆಫ್ಟರ್-ಫ್ರೀ ನಿಲ್ಲಲಿಲ್ಲ, ಮತ್ತು ಈ ಉಪನ್ಯಾಸದ ಹೆಚ್ಚಿನ ಭಾಗ ಇದಕ್ಕೇ ಮೀಸಲು. ಮೆಂಬರ್‌ಗಳನ್ನೆಲ್ಲ ರೆಫ್‌ಪಾಯಿಂಟರ್ ಮಾಡಿದ್ದೇವೆ, ಹೀಪ್‌ನಲ್ಲಿರುವ ಒಡೆತನವೆಲ್ಲ ಲೆಕ್ಕಕ್ಕೆ ಸಿಕ್ಕಿದೆ ಎಂದಿಟ್ಟುಕೊಳ್ಳಿ. ಒಂದು ಡಾಕ್ಯುಮೆಂಟ್ ತನ್ನ ಫೋಕಸ್ ಆಗಿರುವ ಎಲಿಮೆಂಟನ್ನು ರೆಫ್‌ಪಾಯಿಂಟರ್‌ನಲ್ಲಿ ಹಿಡಿದಿದೆ. ಒಂದು ಫಂಕ್ಷನ್ ಅಲ್ಲಿಂದ ಬರಿಯ ಪಾಯಿಂಟರ್ ಅನ್ನು ಪಡೆದು ತನ್ನ ಸ್ಥಳೀಯ ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಅದರ ಮೇಲೆ ಎರಡು ಕರೆಗಳನ್ನು ಮಾಡುತ್ತದೆ. ಮೊದಲ ಕರೆಯ ನಡುವೆ ಸ್ಕ್ರಿಪ್ಟ್ ನಡೆದು, ಫೋಕಸ್ ಬೇರೆಡೆಗೆ ಹೋಗಿ, ಡಾಕ್ಯುಮೆಂಟ್‌ನ ಆ ಮೆಂಬರ್‌ಗೆ ಹೊಸ ಬೆಲೆ ಬಂತು, ಹಳೆಯ ಎಲಿಮೆಂಟ್ ಮರದಿಂದಲೂ ಕಳಚಿತು, ಎಣಿಕೆ ಸೊನ್ನೆಯಾಯಿತು. ಎರಡನೆಯ ಕರೆ ಸತ್ತ ಆಬ್ಜೆಕ್ಟ್‌ನ ಮೇಲೆ. ಮೆಂಬರ್ ಸ್ಮಾರ್ಟ್ ಆಗಿದ್ದುದರಿಂದ ಇಲ್ಲಿ ಏನೂ ಪ್ರಯೋಜನವಾಗಲಿಲ್ಲ, ಏಕೆಂದರೆ ಅಪಾಯವಿದ್ದದ್ದು ಸ್ಟ್ಯಾಕ್‌ನಲ್ಲಿ.

ಇದಕ್ಕೆ ಪರಿಹಾರ ಎಣಿಕೆಯನ್ನು ನೆಚ್ಚಿದ ಎಂಜಿನ್‌ಗಳಲ್ಲೆಲ್ಲ ಒಂದೇ ಬಗೆಯದು: ಸ್ಥಳೀಯ ವೇರಿಯಬಲ್ಲನ್ನೂ ಸ್ಮಾರ್ಟ್ ಪಾಯಿಂಟರ್ ಮಾಡಿ, ಫಂಕ್ಷನ್ ಮುಗಿಯುವವರೆಗೆ ಆಬ್ಜೆಕ್ಟನ್ನು ಹಿಡಿದಿಟ್ಟುಕೊಳ್ಳುವುದು. ದಿಸ್ ಪಾಯಿಂಟರ್‌ಗೂ ಇದೇ ರಕ್ಷಣೆ ಬೇಕಾಗುತ್ತದೆ. ವೆಬ್‌ಕಿಟ್‌ನಲ್ಲಿ ಅಂಥ ವೇರಿಯಬಲ್‌ಗೆ ‘ಪ್ರೊಟೆಕ್ಟೆಡ್ ದಿಸ್’ ಎಂದು ಹೆಸರಿಡುವುದು ರೂಢಿ. ಫೈರ್‌ಫಾಕ್ಸ್‌ನ ಗೆಕೊ ಎಂಜಿನ್ನಿನಲ್ಲಿ ಅದಕ್ಕೆ ಬಹುಕಾಲದಿಂದ ‘ಕುಂಗ್‌ಫೂ ಡೆತ್ ಗ್ರಿಪ್’ ಎಂಬ ಹೆಸರಿದೆ. ತಮಾಷೆಯ ಹೆಸರಾದರೂ ಕೆಲಸವನ್ನು ಕರಾರುವಾಕ್ಕಾಗಿ ಹೇಳುತ್ತದೆ: ಫಂಕ್ಷನ್ ಮುಗಿಯುವವರೆಗೆ ಹಿಡಿತವನ್ನು ಸಡಿಲಿಸಬಾರದು.

ತೊಡಕು ಇರುವುದು, ಈ ರಕ್ಷಣೆ ಎಲ್ಲಿ ಬೇಕು ಎಂದು ತೀರ್ಮಾನಿಸುವುದರಲ್ಲಿ. ಹಳೆಯ ರೂಢಿಯೆಂದರೆ, ದೋಷ ವರದಿಯಾದ ಕಡೆ ಒಂದು ರಕ್ಷಕ ವೇರಿಯಬಲ್ ಸೇರಿಸಿ ಮುಂದಕ್ಕೆ ಹೋಗುವುದು. ಆದರೆ ಒಂದು ಕರೆ ಸ್ಕ್ರಿಪ್ಟ್ ನಡೆಸುತ್ತದೆಯೇ ಎಂಬುದನ್ನು ತಿಳಿಯಲು ಅದು ಕರೆಯುವ ಫಂಕ್ಷನ್‌ಗಳನ್ನೂ, ಅವು ಕರೆಯುವವನ್ನೂ, ವರ್ಚುವಲ್ ಆದವುಗಳ ಎಲ್ಲ ರೂಪಗಳನ್ನೂ ಓದಬೇಕು. ಇಂದು ಓದಿ ನಿರಪಾಯವೆಂದು ಖಚಿತಪಡಿಸಿಕೊಂಡರೂ, ಮುಂದಿನ ವರ್ಷ ಎಲ್ಲೋ ಆಳದ ಒಂದು ಫಂಕ್ಷನ್ನಿಗೆ ಯಾರೋ ಈವೆಂಟ್ ಹೊರಡಿಸುವ ಒಂದು ಸಾಲು ಸೇರಿಸಿದರೆ, ನಿಮ್ಮ ಕಡತದಲ್ಲಿ ಒಂದಕ್ಷರವೂ ಬದಲಾಗದೆ ಅದು ಅಪಾಯಕಾರಿಯಾಗುತ್ತದೆ. ಪರಿಶೀಲಕರು ನೋಡುವುದು ಬದಲಾದ ಸಾಲುಗಳನ್ನು. ಅಪಾಯ ಹುಟ್ಟುವುದು ಬದಲಾಗದ ಸಾಲುಗಳಲ್ಲಿ.

ಆದಕಾರಣ ವೆಬ್‌ಕಿಟ್ ತಂಡ ನಿಯಮವನ್ನು ತಿರುವುಮುರುವು ಮಾಡಿತು. ರಕ್ಷಣೆ ಬೇಕೆಂದು ಸಾಬೀತಾದ ಕಡೆ ಮಾತ್ರ ಸೇರಿಸುವ ಬದಲು, ಬೇಡವೆಂದು ಕಣ್ಣೆದುರಿಗೇ ಕಾಣುವ ಕಡೆಯ ಹೊರತು ಎಲ್ಲೆಡೆಯೂ ಇರಬೇಕು. ಎಣಿಕೆಯುಳ್ಳ ಆಬ್ಜೆಕ್ಟನ್ನು ತೋರಿಸುವ ಮೆಂಬರ್ ಸ್ಮಾರ್ಟ್ ಪಾಯಿಂಟರ್ ಆಗಿರಬೇಕು. ಸ್ಥಳೀಯ ವೇರಿಯಬಲ್ ಸ್ಮಾರ್ಟ್ ಪಾಯಿಂಟರ್ ಆಗಿರಬೇಕು. ಲ್ಯಾಂಬ್ಡಾ ಹಿಡಿದುಕೊಳ್ಳುವುದೂ ಸ್ಮಾರ್ಟ್ ಪಾಯಿಂಟರನ್ನೇ. ಫಂಕ್ಷನ್ನಿಗೆ ಬರಿಯ ಪಾಯಿಂಟರನ್ನು ಆರ್ಗ್ಯುಮೆಂಟ್ ಆಗಿ ಕೊಡಬಹುದು, ಆದರೆ ಕರೆ ಮುಗಿಯುವವರೆಗೆ ಆ ಆಬ್ಜೆಕ್ಟನ್ನು ಬದುಕಿಸಿಡುವ ಹೊಣೆ ಕರೆಯುವವರದು. ಈ ಕೊನೆಯ ನಿಯಮದಿಂದ ದೊಡ್ಡ ಅನುಕೂಲವಿದೆ. ಕರೆಯಲ್ಪಟ್ಟ ಫಂಕ್ಷನ್ ತನಗೆ ಬಂದ ಪಾಯಿಂಟರ್ ಬದುಕಿದೆಯೆಂದೇ ನಂಬಬಹುದು, ಆದ್ದರಿಂದ ಪ್ರತಿ ಹಂತದಲ್ಲೂ ಎಣಿಕೆ ಏರಿಸಿ ಇಳಿಸುವ ಕೆಲಸ ತಪ್ಪುತ್ತದೆ. ಪ್ರತಿಯೊಂದು ಫಂಕ್ಷನ್ನನ್ನೂ ಅದರಷ್ಟಕ್ಕೇ ಓದಿ ಸರಿತಪ್ಪು ಹೇಳಬಹುದು.

ಇವನ್ನು ಪರಿಶೀಲಿಸುವ ಕೆಲಸ ಯಂತ್ರದ್ದು. ಎಲ್‌ಎಲ್‌ವಿಎಂ ಯೋಜನೆಯ ಕ್ಲ್ಯಾಂಗ್ ಕಂಪೈಲರ್‌ನ ಸ್ಥಿರ ವಿಶ್ಲೇಷಕದಲ್ಲಿ, ಅಂದರೆ ಕೋಡನ್ನು ಓಡಿಸದೆಯೇ ಪರಿಶೀಲಿಸುವ ಸಾಧನದಲ್ಲಿ, ವೆಬ್‌ಕಿಟ್‌ನ ಹೆಸರಿನಲ್ಲೇ ಪರೀಕ್ಷಕಗಳಿವೆ: ಎಣಿಕೆಯುಳ್ಳ ಬೇಸ್ ಕ್ಲಾಸ್‌ಗೆ ವರ್ಚುವಲ್ ಡಿಸ್ಟ್ರಕ್ಟರ್ ಇದೆಯೇ ಎಂದು ನೋಡುವುದು ಒಂದು, ಮೆಂಬರ್‌ಗಳನ್ನು ನೋಡುವುದು ಇನ್ನೊಂದು, ಲ್ಯಾಂಬ್ಡಾಗಳಿಗೆ, ಆರ್ಗ್ಯುಮೆಂಟ್‌ಗಳಿಗೆ, ಸ್ಥಳೀಯ ವೇರಿಯಬಲ್‌ಗಳಿಗೆ ಬೇರೆ ಬೇರೆ. ಇವು ಇಡೀ ಪ್ರೋಗ್ರಾಂನ ಹರಿವನ್ನು ಬಿಡಿಸಿ ನೋಡುವ ಗೋಜಿಗೆ ಹೋಗುವುದಿಲ್ಲ, ಬಹುಮಟ್ಟಿಗೆ ಕಣ್ಣೆದುರಿನ ಕೋಡ್‌ನ ಆಕಾರವನ್ನಷ್ಟೇ ನೋಡುತ್ತವೆ. ಹಾಗಾಗಿ ವೇಗವಾಗಿಯೂ ಇವೆ, ಅವುಗಳ ದೂರು ಅರ್ಥವಾಗುವಂತೆಯೂ ಇರುತ್ತದೆ. ಒಂದು ರಿಯಾಯಿತಿಯಿದೆ: ದೇಹವು ಕಣ್ಣಿಗೆ ಕಾಣುವಂತಿದ್ದು, ಒಂದು ಬೆಲೆಯನ್ನು ಓದಿ ಹಿಂದಿರುಗಿಸುವಂಥ ಸರಳ ಕೆಲಸವನ್ನಷ್ಟೇ ಮಾಡುವ ಫಂಕ್ಷನ್‌ಗಳನ್ನು ವಿಶ್ಲೇಷಕವು ಕ್ಷುಲ್ಲಕವೆಂದು ಗುರುತಿಸಿ, ಅವುಗಳ ಕರೆಗೆ ರಕ್ಷಣೆ ಕೇಳುವುದಿಲ್ಲ. ಈ ರಿಯಾಯಿತಿ ಇಲ್ಲದಿದ್ದರೆ ಕೋಡ್ ಓದಲಾಗದಷ್ಟು ರಕ್ಷಕ ವೇರಿಯಬಲ್‌ಗಳಿಂದ ತುಂಬಿಹೋಗುತ್ತಿತ್ತು.

ಗೆಕೊ ಬೇರೆ ಮಾರ್ಗ ಹಿಡಿಯಿತು. ಅಲ್ಲಿ ಸ್ಕ್ರಿಪ್ಟ್ ನಡೆಸಬಲ್ಲ ಫಂಕ್ಷನ್‌ಗಳಿಗೆ ಹಾಗೆಂದು ಗುರುತು ಹಚ್ಚುತ್ತಾರೆ. ಗುರುತಿರುವ ಫಂಕ್ಷನ್ನನ್ನು ಕರೆಯುವವರಿಗೂ ಅದೇ ಗುರುತು ಇರಬೇಕು, ಮತ್ತು ಕರೆಯಲ್ಲಿ ಬಳಸುವ ಆಬ್ಜೆಕ್ಟ್ ಹಿಡಿತದಲ್ಲಿರಬೇಕು. ಇಲ್ಲವಾದರೆ ಕ್ಲ್ಯಾಂಗ್‌ನ ಪ್ಲಗಿನ್ ಕಂಪೈಲ್ ಆಗಲು ಬಿಡುವುದಿಲ್ಲ. ಅಪಾಯವಿರುವುದು ಎಲ್ಲಿ ಎಂಬುದನ್ನು ಓದುವವರಿಗೆ ತಿಳಿಸುವುದರಲ್ಲಿ ಈ ವಿಧಾನವೇ ಮೇಲು. ಆದರೆ ಗುರುತು ಹಚ್ಚುವುದು ಪೂರ್ತಿಯಾಗುವವರೆಗೆ ಖಾತರಿ ಸಿಗುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸೆಂದರೆ ನಾನು ವೆಬ್‌ಕಿಟ್‌ನದನ್ನೇ ಆರಿಸುತ್ತೇನೆ. ಮರೆವಿನಿಂದ ಆಗುವ ತಪ್ಪು ಅಲ್ಲಿ ಒಂದು ಅನವಶ್ಯಕ ಎಚ್ಚರಿಕೆಯಾಗಿ ಹೊರಬರುತ್ತದೆಯೇ ಹೊರತು ಒಂದು ಬಿರುಕಾಗಿ ಉಳಿಯುವುದಿಲ್ಲ.

ಆಬ್ಜೆಕ್ಟ್ ಬದುಕಿರುವುದು ಬೇರೆ, ಅದರ ಸ್ಥಿತಿ ನಾವು ತಿಳಿದಂತೆಯೇ ಇರುವುದು ಬೇರೆ. ಈ ವಿಷಯದಲ್ಲಿ ಹೊಸಬರು ಹೆಚ್ಚಾಗಿ ಎಡವುತ್ತಾರೆ. ಒಂದು ನೋಡ್‌ನ ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ತೆಗೆಯುವ ಲೂಪ್ ಅನ್ನು ಯೋಚಿಸಿ. ಪ್ರತಿ ತೆಗೆತಕ್ಕೂ ಸ್ಕ್ರಿಪ್ಟ್ ನಡೆಯಬಹುದಾದ್ದರಿಂದ, ಮೊದಲು ಮಕ್ಕಳ ಪಟ್ಟಿಯನ್ನು ರೆಫ್‌ಗಳ ವೆಕ್ಟರ್‌ಗೆ ಪ್ರತಿ ಮಾಡಿಕೊಂಡು ಆಮೇಲೆ ಲೂಪ್ ನಡೆಸುತ್ತಾರೆ. ಈಗ ಯಾವ ಮಗುವೂ ನಡುವೆ ಸಾಯುವುದಿಲ್ಲ. ಆದರೆ ಮೂರನೆಯ ಮಗುವನ್ನು ಮೊದಲನೆಯದರ ಸ್ಕ್ರಿಪ್ಟ್ ಬೇರೆ ಮರಕ್ಕೆ ಸಾಗಿಸಿರಬಹುದು. ಅದು ಇನ್ನೂ ಇದೇ ನೋಡ್‌ನ ಮಗುವೇ ಎಂದು ಪ್ರತಿ ಸುತ್ತಿನಲ್ಲೂ ಮತ್ತೆ ಕೇಳಲೇಬೇಕು. ಸ್ಮಾರ್ಟ್ ಪಾಯಿಂಟರ್ ಈ ಪ್ರಶ್ನೆಯನ್ನು ನಿಮ್ಮ ಪರವಾಗಿ ಕೇಳುವುದಿಲ್ಲ. ಈ ಕಾರಣಕ್ಕೇ ಎಂಜಿನ್‌ಗಳಲ್ಲಿ ಇನ್ನೊಂದು ಬಗೆಯ ಸಾಧನವೂ ಇದೆ: ಒಂದು ವ್ಯಾಪ್ತಿಯೊಳಗೆ ಸ್ಕ್ರಿಪ್ಟ್ ನಡೆಯಕೂಡದೆಂದು ಸಾರುವ ಸ್ಕೋಪ್ ಆಬ್ಜೆಕ್ಟ್. ಮರದ ಕೊಂಡಿಗಳನ್ನು ಬಿಚ್ಚಿ ಜೋಡಿಸುವ ಸೂಕ್ಷ್ಮ ಘಟ್ಟದಲ್ಲಿ ಅದನ್ನು ಇಟ್ಟಿರುತ್ತಾರೆ. ವೆಬ್‌ಕಿಟ್, ಕ್ರೋಮ್‌ನ ಎಂಜಿನ್ ಆದ ಬ್ಲಿಂಕ್, ಗೆಕೊ ಮೂರರಲ್ಲೂ ಬೇರೆ ಬೇರೆ ಹೆಸರಿನಲ್ಲಿ ಇದೆ.

ಎಣಿಕೆಯ ಹಳೆಯ ಕಾಯಿಲೆಯಾದ ಚಕ್ರದ ಬಗ್ಗೆಯೂ ಹೇಳಬೇಕು. ಪೋಷಕ ನೋಡ್ ಮಗುವನ್ನೂ, ಮಗು ಪೋಷಕನನ್ನೂ ಬಲವಾಗಿ ಹಿಡಿದರೆ ಎರಡೂ ಎಂದಿಗೂ ಬಿಡುಗಡೆಯಾಗುವುದಿಲ್ಲ. ಒಂದು ದಿಕ್ಕಿನ ಹಿಡಿತ ದುರ್ಬಲವಾಗಿರಬೇಕು. ವೀಕ್‌ಪಾಯಿಂಟರ್ ಆ ಕೆಲಸಕ್ಕೆ: ಆಬ್ಜೆಕ್ಟ್ ನಾಶವಾದಾಗ ಅದು ತಾನಾಗಿ ನಲ್ ಆಗುತ್ತದೆ. ಇದರಲ್ಲೊಂದು ಬಲೆಯಿದೆ. ವೀಕ್‌ಪಾಯಿಂಟರ್ ನಲ್ ಅಲ್ಲವೆಂದು ನೋಡಿ, ಅದರ ಮೂಲಕವೇ ನೇರವಾಗಿ ಮೆಂಬರ್ ಫಂಕ್ಷನ್ನನ್ನು ಕರೆದರೆ, ಆ ಕರೆಯ ನಡುವೆಯೇ ಆಬ್ಜೆಕ್ಟ್ ಸಾಯಬಹುದು. ನೋಡಿದ್ದು ಒಂದು ಕ್ಷಣದ ಸತ್ಯ ಮಾತ್ರ. ಮೊದಲು ಅದರಿಂದ ಬಲವಾದ ರೆಫ್‌ಪಾಯಿಂಟರ್ ಒಂದನ್ನು ಪಡೆದು, ಅದು ನಲ್ ಅಲ್ಲವೆಂದು ನೋಡಿ, ಅದರ ಮೂಲಕ ಕರೆಯಬೇಕು.

ಜಾವಾಸ್ಕ್ರಿಪ್ಟ್‌ನ ಹೀಪ್ ಮತ್ತು ಸಿ++ ಹೀಪ್ ಎರಡನ್ನೂ ಬಳಸಿ ಹೊಸೆದ ಚಕ್ರಗಳಿಗೆ ದುರ್ಬಲ ಪಾಯಿಂಟರ್ ಸಾಲದು. 2008ರಲ್ಲಿ ಬಂದ ಫೈರ್‌ಫಾಕ್ಸ್ 3ರಿಂದ ಗೆಕೊದಲ್ಲಿ ಚಕ್ರಗಳನ್ನು ಹುಡುಕಿ ಬಿಡಿಸುವ ಸಂಗ್ರಾಹಕವೊಂದಿದೆ. ಬ್ಲಿಂಕ್ ಎಣಿಕೆಯನ್ನೇ ಬಿಟ್ಟು, ‘ಆಯಿಲ್‌ಪ್ಯಾನ್’ ಎಂಬ ಕಸ ಸಂಗ್ರಾಹಕಕ್ಕೆ (ಬಳಕೆಯಲ್ಲಿಲ್ಲದ ಆಬ್ಜೆಕ್ಟ್‌ಗಳನ್ನು ತಾನೇ ಹುಡುಕಿ ಬಿಡುಗಡೆ ಮಾಡುವ ವ್ಯವಸ್ಥೆಗೆ) ತನ್ನ ಡಾಮ್ ಆಬ್ಜೆಕ್ಟ್‌ಗಳನ್ನು ಒಪ್ಪಿಸಿತು. ಅಲ್ಲಿ ಮೆಂಬರ್ ಎಂಬ ಬಗೆಯ ಪಾಯಿಂಟರ್‌ಗಳನ್ನು ಸಂಗ್ರಾಹಕವೇ ಹಿಂಬಾಲಿಸುತ್ತದೆ, ಸ್ಟ್ಯಾಕ್‌ನಲ್ಲಿರುವ ಬರಿಯ ಪಾಯಿಂಟರ್‌ಗಳನ್ನೂ ಗಮನಿಸುತ್ತದೆ. ಮೇಲೆ ವಿವರಿಸಿದ ಸ್ಥಳೀಯ ವೇರಿಯಬಲ್‌ನ ತಾಪತ್ರಯ ಅಲ್ಲಿ ಬಹುಮಟ್ಟಿಗೆ ಇಲ್ಲವೆಂಬುದನ್ನು ಒಪ್ಪಬೇಕು. ಅದರ ಬೆಲೆಯನ್ನು ಮೆಮೊರಿ ಯಾವಾಗ ಬಿಡುಗಡೆಯಾಗುತ್ತದೆಂಬ ಅನಿಶ್ಚಿತತೆಯಲ್ಲಿ ತೆರಬೇಕಾಗುತ್ತದೆ.

ಒಡೆತನ ಬೇಡ, ಆದರೆ ತೋರಿಸುತ್ತಿರಬೇಕು ಎಂಬ ಪಾಯಿಂಟರ್‌ಗಳೂ ಬಹಳ. ಇಲ್ಲಿ ಎರಡು ಉಪಾಯಗಳು ಬಳಕೆಯಲ್ಲಿವೆ. ವೆಬ್‌ಕಿಟ್‌ನ ಚೆಕ್ಡ್‌ಪಾಯಿಂಟರ್, ಆಬ್ಜೆಕ್ಟನ್ನು ತೋರಿಸುತ್ತಿರುವವರು ಎಷ್ಟು ಮಂದಿ ಎಂಬುದನ್ನು ಆ ಆಬ್ಜೆಕ್ಟ್‌ನಲ್ಲೇ ಎಣಿಸಿಡುತ್ತದೆ; ಆ ಎಣಿಕೆ ಸೊನ್ನೆಯಾಗದೆ ಆಬ್ಜೆಕ್ಟ್ ನಾಶವಾದರೆ ಪರಿಣಾಮ ನಿಯಂತ್ರಿತವಾದ ಕ್ರ್ಯಾಶ್ ಆಗಿರುತ್ತದೆ, ದಾಳಿಗೆ ದಾರಿಯಾಗಿ ಉಳಿಯುವುದಿಲ್ಲ. ಕ್ರೋಮಿಯಂನ ‘ಮಿರಾಕಲ್ ಪಾಯಿಂಟರ್’ ಅಲೊಕೇಟರ್‌ನ ನೆರವನ್ನು ಪಡೆಯುತ್ತದೆ: ಯಾರಾದರೂ ಇನ್ನೂ ತೋರಿಸುತ್ತಿರುವ ಮೆಮೊರಿಯನ್ನು ಬಿಡುಗಡೆ ಮಾಡಿದಾಗ ಅಲೊಕೇಟರ್ ಅದನ್ನು ಬೇರೆಯವರಿಗೆ ಕೊಡದೆ, ಅರ್ಥಹೀನ ಬೈಟುಗಳಿಂದ ತುಂಬಿ ಪ್ರತ್ಯೇಕವಾಗಿ ಇಟ್ಟುಕೊಳ್ಳುತ್ತದೆ. 15,000ಕ್ಕೂ ಹೆಚ್ಚು ಬರಿಯ ಪಾಯಿಂಟರ್‌ಗಳನ್ನು ಸ್ವಯಂಚಾಲಿತವಾಗಿ ತಿದ್ದಿ ಬರೆದು, 2022ರಲ್ಲಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ನ ಬ್ರೌಸರ್ ಪ್ರಕ್ರಿಯೆಯಲ್ಲಿ ಇದನ್ನು ಚಾಲನೆಗೆ ತಂದರು. ಬ್ರೌಸರ್ ಪ್ರಕ್ರಿಯೆಯ ಮೆಮೊರಿ ಬಳಕೆ ವಿಂಡೋಸ್‌ನಲ್ಲಿ 4.5ರಿಂದ 6.5 ಶೇಕಡಾ, ಆಂಡ್ರಾಯ್ಡ್‌ನಲ್ಲಿ 3.5ರಿಂದ 5 ಶೇಕಡಾ ಹೆಚ್ಚಿತೆಂದು ಅವರೇ ಪ್ರಕಟಿಸಿದ್ದಾರೆ. ಎರಡು ಉಪಾಯಗಳೂ ದೋಷವನ್ನು ಇಲ್ಲವಾಗಿಸುವುದಿಲ್ಲ, ಅದರ ಹಲ್ಲು ಕೀಳುತ್ತವೆ. ಬಳಕೆದಾರರ ದೃಷ್ಟಿಯಿಂದ ಅಷ್ಟೇ ಸಾಕಾಗಬಹುದು. ಪ್ರೋಗ್ರಾಮರ್ ಮಾತ್ರ ಕ್ರ್ಯಾಶ್ ವರದಿಯನ್ನು ಓದಿ ಸರಿಪಡಿಸಬೇಕು.

ಸ್ಮಾರ್ಟ್ ಪಾಯಿಂಟರ್‌ಗಳ ಕೈಗೆ ಎಟುಕದವೂ ಇವೆ. ಅರೇಯ ಗಡಿ ಮೀರುವುದು, ಜಾವಾಸ್ಕ್ರಿಪ್ಟನ್ನು ಓಡುವಾಗಲೇ ಯಂತ್ರಭಾಷೆಗೆ ತಿರುಗಿಸುವ ಜೆಐಟಿ ಕಂಪೈಲರ್‌ನ ತಪ್ಪು ಊಹೆಗಳು, ಒಂದು ಬಗೆಯ ಆಬ್ಜೆಕ್ಟನ್ನು ಇನ್ನೊಂದು ಬಗೆಯದೆಂದು ತಿಳಿಯುವ ಗೊಂದಲ, ಇವೆಲ್ಲ ಬೇರೆ ವರ್ಗಗಳು. 2016ರ ಆಗಸ್ಟ್‌ನಲ್ಲಿ ಪೆಗಾಸಸ್ ಬೇಹುತಂತ್ರಾಂಶದ ಮೊದಲ ಮೆಟ್ಟಿಲಾಗಿ ಪತ್ತೆಯಾಗಿ, ಐಒಎಸ್ 9.3.5ರಲ್ಲಿ ಆಪಲ್ ಸರಿಪಡಿಸಿದ ವೆಬ್‌ಕಿಟ್ ದೋಷವೂ ಆಯುಷ್ಯಕ್ಕೇ ಸಂಬಂಧಿಸಿದ್ದು. ಆದರೆ ಅದು ಜಾವಾಸ್ಕ್ರಿಪ್ಟ್ ಹೀಪ್‌ನ ಬೆಲೆಗಳು ಕಸ ಸಂಗ್ರಾಹಕದ ಕಣ್ಣಿಗೆ ಬೀಳದೆ ಹೋದದ್ದರಿಂದ ಆದ ತಪ್ಪು. ರೆಫ್‌ಪಾಯಿಂಟರ್‌ನ ನಿಯಮಗಳಿಗೆ ಅಲ್ಲಿ ಕೆಲಸವಿರಲಿಲ್ಲ.

ಉಪನ್ಯಾಸದ ನಂತರ ಕೇಳಿಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಇಷ್ಟೆಲ್ಲ ಪಾಡು ಪಡುವ ಬದಲು, ಮೆಮೊರಿಯ ಸುರಕ್ಷತೆಯನ್ನು ಕಂಪೈಲರೇ ಪರಿಶೀಲಿಸುವ ರಸ್ಟ್ ಭಾಷೆಯಲ್ಲಿ ಬರೆಯಬಾರದೇಕೆ ಎಂಬುದು ಮೊದಲನೆಯದು. ಬರೆಯಬಹುದು, ಬರೆದೂ ಇದ್ದಾರೆ. 2017ರ ನವೆಂಬರ್‌ನಲ್ಲಿ ಬಂದ ಫೈರ್‌ಫಾಕ್ಸ್ 57ರ ಸಿಎಸ್‌ಎಸ್ ವಿಭಾಗ ರಸ್ಟ್‌ನಲ್ಲಿದೆ. ಹೊಸದಾಗಿ ಬರೆಯುವ, ಗಡಿ ಸ್ಪಷ್ಟವಾಗಿರುವ ಭಾಗಗಳಿಗೆ ಅದು ಒಳ್ಳೆಯ ಆಯ್ಕೆ. ಆದರೆ ಎಲ್ಲರೂ ಎಲ್ಲರನ್ನೂ ತೋರಿಸುವ ಡಾಮ್‌ನಂಥ ರಚನೆ ರಸ್ಟ್‌ನ ಒಡೆತನದ ನಿಯಮಗಳಿಗೆ ಸುಲಭವಾಗಿ ಒಗ್ಗುವುದಿಲ್ಲ. ಅಲ್ಲಿಯೂ ಕೊನೆಗೆ ಎಣಿಕೆಯನ್ನೋ ಕಸ ಸಂಗ್ರಾಹಕವನ್ನೋ ಆಶ್ರಯಿಸಬೇಕಾಗುತ್ತದೆ. ಈಗಾಗಲೇ ಬಳಕೆಯಲ್ಲಿರುವ ಲಕ್ಷಗಟ್ಟಲೆ ಸಾಲುಗಳ ಸಿ++ ನಾಳೆಯೂ ಇರುತ್ತದೆ.

ಎರಡನೆಯ ಪ್ರಶ್ನೆ ಹೆಚ್ಚು ಪ್ರಾಯೋಗಿಕವಾದದ್ದು: ಹಳೆಯ ದೊಡ್ಡ ಕೋಡ್‌ನಲ್ಲಿ ವಿಶ್ಲೇಷಕವನ್ನು ಚಾಲೂ ಮಾಡಿದರೆ ಸಾವಿರಾರು ಎಚ್ಚರಿಕೆಗಳು ಸುರಿಯುತ್ತವೆ, ಎಲ್ಲಿಂದ ಆರಂಭಿಸಬೇಕು? ವೆಬ್‌ಕಿಟ್ ಮಾಡಿದ್ದನ್ನೇ ನಾನು ಸೂಚಿಸುತ್ತೇನೆ. ಪ್ರತಿ ಪರೀಕ್ಷಕಕ್ಕೂ ಒಂದೊಂದು ಪಟ್ಟಿಯನ್ನು ಇಟ್ಟು, ಈಗಾಗಲೇ ನಿಯಮ ಮೀರಿರುವ ಕಡತಗಳ ಹೆಸರುಗಳನ್ನು ಅದರಲ್ಲಿ ಬರೆದು, ಆ ಪಟ್ಟಿಯನ್ನೂ ಕೋಡ್‌ನ ಜೊತೆಗೇ ರೆಪಾಸಿಟರಿಯಲ್ಲಿ ಇಟ್ಟಿದ್ದಾರೆ. ಪಟ್ಟಿಯಲ್ಲಿಲ್ಲದ ಕಡತವೊಂದು ನಿಯಮ ಮೀರಿದರೆ ಬದಲಾವಣೆ ಒಳಬರುವುದಿಲ್ಲ. ಪಟ್ಟಿಯಲ್ಲಿರುವ ಕಡತವೊಂದು ಶುದ್ಧವಾದರೆ ಅದರ ಹೆಸರನ್ನು ಅಳಿಸುತ್ತಾರೆ. ಕ್ರಮದ ವಿಷಯದಲ್ಲಿ, ಮೊದಲು ವರ್ಚುವಲ್ ಡಿಸ್ಟ್ರಕ್ಟರ್‌ಗಳು, ಆಮೇಲೆ ಮೆಂಬರ್‌ಗಳು ಮತ್ತು ಲ್ಯಾಂಬ್ಡಾಗಳು, ಕೊನೆಗೆ ಆರ್ಗ್ಯುಮೆಂಟ್‌ಗಳು ಮತ್ತು ಸ್ಥಳೀಯ ವೇರಿಯಬಲ್‌ಗಳು ಎಂದು ಇಟ್ಟುಕೊಳ್ಳುವುದು ಅನುಕೂಲ, ಏಕೆಂದರೆ ಮೆಂಬರ್‌ಗಳ ಬಗೆ ಸ್ಥಿರವಾಗದೆ ಸ್ಥಳೀಯ ವೇರಿಯಬಲ್‌ಗಳನ್ನು ತಿದ್ದಿದರೆ ಅದೇ ಸಾಲುಗಳನ್ನು ಮತ್ತೊಮ್ಮೆ ತಿದ್ದಬೇಕಾಗುತ್ತದೆ. ಪ್ರತಿ ಹಂತದ ನಂತರವೂ ವೇಗದ ಪರೀಕ್ಷೆ ನಡೆಸಬೇಕು. ಬಿಗಿಯಾದ ಲೂಪ್‌ನಲ್ಲಿ ಎಣಿಕೆಯ ಏರಿಳಿತ ವೇಗಕ್ಕೆ ಅಡ್ಡಿಯಾಗುವುದು ಕಂಡುಬಂದರೆ, ಒಳಗೆ ಕರೆಯುವ ಚಿಕ್ಕ ಫಂಕ್ಷನ್ನಿನ ದೇಹವನ್ನು ಹೆಡರ್‌ಗೆ ತಂದು ವಿಶ್ಲೇಷಕಕ್ಕೆ ಅದು ಕ್ಷುಲ್ಲಕವೆಂದು ಕಾಣುವಂತೆ ಮಾಡುವುದು ಮೊದಲು ಪ್ರಯತ್ನಿಸಬೇಕಾದ ಉಪಾಯ; ಎಚ್ಚರಿಕೆಯನ್ನು ಕೈಯಾರೆ ಅಡಗಿಸುವ ಗುರುತನ್ನು ಅದಾದ ಮೇಲೆ, ಕಾರಣವನ್ನು ಪಕ್ಕದಲ್ಲೇ ಬರೆದು, ಬಳಸಬಹುದು.